ತೆಯೋಫಿಲ್ ಭಾವ ಕೇಳಿದ ಹಕ್ಕಿ

ನನ್ನ ಅಕ್ಕನ ಗಂಡ ತೆಯೋಫಿಲ್ ಲರಾಂಡ್ ಮೂವತ್ನಾಲ್ಕು ವರ್ಷ ಜನರಿಗೆ ಹಕ್ಕಿ ತೋರಿಸಿದರು. ಅದರಲ್ಲಿ ಹದಿನೆಂಟು ವರ್ಷ ಆ ಜನರನ್ನು ಬೆಟ್ಟ ಹತ್ತಿಸಿದವನು ನಾನು. ನನ್ನ ಬಸ್ಸಿನ ಮುಂದಿನ ಗಾಜಿನ ಮೇಲೆ ‘ಅವಸರ ಯಾಕೆ’ ಎಂದು ಬರೆಸಿದ್ದೇನೆ. ಹಕ್ಕಿ ನೋಡುವವರು ಅದನ್ನು ಓದಿ ನಗುತ್ತಾರೆ, ಮರುಕ್ಷಣವೇ ಗಡಿಯಾರ ತೋರಿಸುತ್ತಾರೆ. ಬೆಳಗಿನ ನಾಲ್ಕೂವರೆಗೆ ಅವರು ಅತಿಥಿಗೃಹದ ಮೆಟ್ಟಿಲ ಮೇಲೆ ಬೂಟು ಬಿಗಿದು ನಿಂತಿರಬೇಕು, ನಾನು ಅದಕ್ಕೂ ಮೊದಲು ಬಂದು ಎಂಜಿನ್ ಬಿಸಿ ಮಾಡಿರಬೇಕು. ಅವರ ಮೇಲೆ ನನಗೆ ದ್ವೇಷವೇನಿಲ್ಲ, ದಣಿವಿದೆ ಅಷ್ಟೆ. ಹದಿನೆಂಟು ವರ್ಷದ ನಿದ್ದೆ ನನಗೆ ಯಾರಾದರೂ ವಾಪಸು ಕೊಟ್ಟರೆ ಎಲ್ಲರನ್ನೂ ಕ್ಷಮಿಸಿಬಿಡುತ್ತೇನೆ.

ಈ ಕಸುಬಿನಲ್ಲಿ ಒಂದು ಪದ್ಧತಿ ಉಂಟು. ಸಂಜೆ ಎಲ್ಲರೂ ಅಕ್ಕ ಫಿಲೋಮೆನ್‌ಳ ಜಗಲಿಯಲ್ಲಿ ಮೇಜಿನ ಸುತ್ತ ಕೂರುತ್ತಾರೆ. ಭಾವ ಕನ್ನಡಕ ಏರಿಸಿ, ದಿನದ ಹಕ್ಕಿಗಳ ಹೆಸರನ್ನು ಒಂದೊಂದಾಗಿ ಕೂಗುತ್ತಾರೆ. ಪ್ರತಿ ಹೆಸರಿನ ಕೊನೆಗೆ ‘ಕಂಡಿತು’ ಇಲ್ಲವೇ ‘ಕೇಳಿತು’. ಅತಿಥಿಗಳು ತಮ್ಮ ತಮ್ಮ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಕಾಡಿನಲ್ಲಿ ಕೇಳಿದ ದನಿಗೆ ಬೇರೆ ಸಾಕ್ಷಿ ಎಲ್ಲಿಂದ ತರುವುದು? ಮಾರ್ಗದರ್ಶಿಯ ಮಾತೇ ಸಾಕ್ಷಿ. ಭಾವ ‘ಕೇಳಿತು’ ಎಂದರೆ ಆ ಹಕ್ಕಿ ಯಾವುದೋ ದೂರದ ಊರಿನ ಪುಸ್ತಕದಲ್ಲಿ ಶಾಶ್ವತವಾಗಿ ಕೂತುಬಿಡುತ್ತದೆ. ಅಕ್ಕ ಮಾತ್ರ ಕೆಸುವಿನೆಲೆಯ ಸೂಪು ಆರುತ್ತಿದೆ ಎಂದು ಅಡುಗೆಮನೆಯಿಂದ ಗೊಣಗುತ್ತಿರುತ್ತಾಳೆ. ಹಕ್ಕಿಗಳು ನಾಳೆಯೂ ಇರುತ್ತವೆ, ಸೂಪು ಇರುವುದಿಲ್ಲ ಎಂಬುದು ಅವಳ ವಾದ.

ಭಾವನ ಮಾತು ಎಂಥದ್ದು ಎಂಬುದಕ್ಕೆ ಒಂದೇ ಪ್ರಸಂಗ ಸಾಕು. ನಮ್ಮ ಬೆಟ್ಟದಲ್ಲಿ ಎರಡು ಗಿಳಿಗಳಿವೆ. ಜಾಕೋ ಗಿಳಿ ಹಣ್ಣಿನ ತೋಟಕ್ಕೇ ಇಳಿದು ಕಿತ್ತಳೆ ಹಾಳು ಮಾಡುವಷ್ಟು ಸಲಿಗೆಯದು. ಸಿಸೆರು ದೊಡ್ಡ ಗಿಳಿ, ನಮ್ಮ ಈ ಪುಟ್ಟ ದ್ವೀಪದೇಶದ ಬಾವುಟದ ಮೇಲಿರುವುದು. ಅದು ಬಾವುಟದ ಮೇಲೆ ಕಂಡಷ್ಟು ಸುಲಭವಾಗಿ ಮರದ ಮೇಲೆ ಕಾಣುವುದಿಲ್ಲ. ಒಮ್ಮೆ ಒಬ್ಬ ಸಿರಿವಂತ ಅತಿಥಿ ಮೂರು ದಿನ ಕಾದ. ಕೊನೆಯ ದಿನ ಮಂಜಿನಲ್ಲಿ ಒಂದು ಗಿಳಿ ಹಾದುಹೋಯಿತು. ಸಿಸೆರು ತಾನೆ ಎಂದ ಅವನು. ಜಾಕೋ ಎಂದರು ಭಾವ. ಮೊದಲು ಬೇಡಿದ, ಆಮೇಲೆ ಕೂಗಾಡಿದ, ಕೊನೆಗೆ ಭಾವನ ಜೇಬಿಗೆ ಏನೋ ತುರುಕಲು ಹೋದ. ಭಾವ ಅವನ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿ, ಜಾಕೋ ಎಂದರು. ನಾನು ಬಸ್ಸಿನಲ್ಲಿ ಕೂತು ಹಲ್ಲು ಕಡಿದೆ. ಒಂದು ಗಿಳಿಯ ಹೆಸರು ಬದಲಿಸಿದರೆ ಯಾರ ಗಂಟು ಹೋಗುತ್ತಿತ್ತು? ಮನೆಗೆ ಹೋಗುವಾಗ ಕೇಳಿಯೂಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವ ಜಾತಿಯ ಮನುಷ್ಯ ಅವರು. ನೋಟ್‌ಬುಕ್ಕು ತೆರೆದು ‘ಜಾಕೋ, ಕಂಡಿತು’ ಎಂದು ಬರೆದುಕೊಂಡರು.

ಅವರು ಓದಿದವರಲ್ಲ. ಕೊಲಿಹೋ ಊರಿನ ಮೀನುಗಾರರ ಮನೆಯಲ್ಲಿ ಹುಟ್ಟಿದರೂ ಅವರಿಗೆ ಕಡಲು ಒಗ್ಗಲಿಲ್ಲ, ದೋಣಿ ಹತ್ತಿದರೆ ವಾಂತಿ. ಅಪ್ಪ ಬೇಸತ್ತು ಬೆಟ್ಟದ ಮೇಲಿನ ಬಾಳೆತೋಟಕ್ಕೆ ಅಟ್ಟಿದ. ಅಲ್ಲಿ ಗೊನೆ ಹೊತ್ತರು, ಕಾಡುಪಾರಿವಾಳ ಹೊಡೆದು ತಿಂದರು. ಗುರುತು ಹಿಡಿಯಲು ಕಲಿತದ್ದು ಹೊಟ್ಟೆಪಾಡಿಗೆ. ಯಾವ ದನಿ ಯಾವ ಮರದಿಂದ ಬಂತು ಎಂದು ತಿಳಿಯದವನಿಗೆ ಸಂಜೆ ಸಾರಿಲ್ಲ. ಡೇವಿಡ್ ಬಿರುಗಾಳಿ ಬಾಳೆತೋಟಗಳನ್ನು ಮಲಗಿಸಿದ ಮೇಲೆ ಅರಣ್ಯದವರ ಕೂಲಿಗೆ ಸೇರಿ ದಾರಿ ಕಡಿದರು. ಒಂದು ದಿನ ದುರ್ಬೀನು ಹಿಡಿದ ಬಿಳಿ ಹೆಂಗಸೊಬ್ಬಳು, ಇಲ್ಲಿ ಸಿಳ್ಳೆ ಹಾಕುವ ಹಕ್ಕಿ ಎಲ್ಲಿದೆ ಎಂದು ಕೇಳಿದಳಂತೆ. ಇವರು ಕತ್ತಿ ಕೆಳಗಿಟ್ಟು, ಬಾಯಿಗೆ ಬೆರಳಿಟ್ಟು ಸುಮ್ಮನಿರಿಸಿ, ನೇರ ಅದರ ಕೊಂಬೆಯ ಕೆಳಗೆ ಕರೆದೊಯ್ದು ನಿಲ್ಲಿಸಿದರು. ಆವತ್ತಿನಿಂದ ಇದೇ ಕಸುಬು.

ಆ ಹಕ್ಕಿಯನ್ನು ನಾವು ಸಿಫ್ಲೇ ಎನ್ನುತ್ತೇವೆ, ಸಿಳ್ಳೆಗಾರ ಎಂದರ್ಥ. ಬೂದುಬಣ್ಣದ, ಕತ್ತಿನ ಕೆಳಗೆ ಕೆಂಪಿರುವ ಚಿಕ್ಕ ಹಕ್ಕಿ. ಕಣ್ಣಿಗೆ ಬೀಳುವುದು ಅಪರೂಪ. ಮಂಜು ತುಂಬಿದ ಬೆಳಗಿನಲ್ಲಿ ಎಲ್ಲಿಂದಲೋ ಒಂದು ತೆಳ್ಳನೆಯ ಎತ್ತರದ ಸಿಳ್ಳೆ, ಆಮೇಲೆ ಮೌನ, ಆಮೇಲೆ ಇನ್ನೊಂದು. ಹಕ್ಕಿ ಎಂದರೆ ಆಕಳಿಸುವ ನಾನೂ ಅದನ್ನು ಕೇಳಿದಾಗ ಕೈಯಲ್ಲಿನ ಟೀ ಲೋಟ ಕೆಳಗಿಡುತ್ತೇನೆ.

ಮರಿಯಾ ಬಿರುಗಾಳಿಯ ನಂತರದ ಎರಡನೇ ವರ್ಷ, ಈಸ್ಟರ್ ಹತ್ತಿರ. ದೊಡ್ಡ ಗೊಮ್ಮಿಯೆ ಮರ ಇರುವ ತಿರುವಿನಲ್ಲಿ ಬಸ್ಸು ನಿಲ್ಲಿಸಿದ್ದೆ. ಬೆಳಿಗ್ಗೆ ಮೊದಲು ನಿಲ್ಲುವುದು ಯಾವಾಗಲೂ ಅಲ್ಲೇ. ಸಿಫ್ಲೇ ನಮ್ಮ ತಲೆಯ ಮೇಲೇ ಹಾಡುತ್ತಿತ್ತು. ಒಬ್ಬ ಅತಿಥಿ ಅದೇನೆಂದು ಕೇಳಿದ. ಭಾವ, ಯಾವುದು ಎಂದರು. ನಾನು ಬೆಚ್ಚಿ ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಎನಾಮಲ್ ಲೋಟ ಬಾನೆಟ್ಟಿಗೆ ತಾಗಿ ಟಕ್ ಟಕ್ ಎಂದಿತು. ಅತಿಥಿ ಇನ್ನೂ ಮೇಲಕ್ಕೇ ನೋಡುತ್ತಿದ್ದ. ಭಾವನೂ ಮೇಲೆ ನೋಡಿ, ಸಿಫ್ಲೇ ಎಂದರು.

ನಾವಿಬ್ಬರೂ ಅದರ ಬಗ್ಗೆ ಎಂದೂ ಮಾತಾಡಲಿಲ್ಲ. ಗಿಳಿಗಳ ಕಿರಿಚಾಟ ಅವರಿಗೆ ಕೇಳುತ್ತಿತ್ತು, ಪಾರಿವಾಳದ ಗುಟುರು ಕೇಳುತ್ತಿತ್ತು, ಉಳಿದವನ್ನು ಕಣ್ಣು ಹುಡುಕಿಕೊಳ್ಳುತ್ತಿತ್ತು. ಹೋದದ್ದು ಎತ್ತರದ ತೆಳ್ಳನೆಯ ದನಿ ಮಾತ್ರ. ಅಂದರೆ ಸಿಫ್ಲೇ ಒಂದೇ. ಅಂದಿನಿಂದ ಅದು ಹಾಡಿದಾಗಲೆಲ್ಲ ನಾನು ಬಾನೆಟ್ಟಿನ ಮೇಲೆ ಲೋಟ ಎರಡು ಸಲ ಕುಟ್ಟುತ್ತಿದ್ದೆ. ಅವರು ಕೈ ಎತ್ತುತ್ತಿದ್ದರು. ಸಂಜೆ ‘ಕೇಳಿತು’ ಎನ್ನುತ್ತಿದ್ದರು. ಹೀಗೇ ಎರಡು ವರ್ಷ ನಡೆಯಿತು. ನಾನು ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಈ ಸಲ ಮಾರ್ಚ್‌ನಲ್ಲಿ ಐದು ಜನರ ಗುಂಪು ಬಂತು. ಅವರಲ್ಲಿ ಇಬ್ಬರ ಹೆಸರು ಹೇಳಿದರೆ ಸಾಕು. ಒಬ್ಬರು ಮಿಸ್ಟರ್ ಬ್ರಾಮ್, ಎಂಬತ್ತರ ಹತ್ತಿರದ ಮುದುಕ. ಸಿಫ್ಲೇ ಕೇಳಲೆಂದೇ ಮೂರನೇ ಸಲ ಬಂದಿದ್ದರು. ಮೊದಲೆರಡು ಸಲ ಮಳೆ ಕಾಟ ಕೊಟ್ಟಿತ್ತು. ಇದೇ ಕೊನೆ, ಮುಂದೆ ನನ್ನ ಮೊಣಕಾಲು ಒಪ್ಪುವುದಿಲ್ಲ ಎಂದು ಬಸ್ಸು ಹತ್ತುವಾಗಲೇ ಹೇಳಿದರು. ಇನ್ನೊಬ್ಬರು ಟಿಲ್ಡಾ ಎಂಬ ಹೆಂಗಸು, ಕೆನಡಾದ ಯಾವುದೋ ರೇಡಿಯೋದಲ್ಲಿ ದುಡಿದು ನಿವೃತ್ತರಾದವರು. ದುರ್ಬೀನಿಗಿಂತ ದೊಡ್ಡ ಮೈಕು ಹಿಡಿದು, ಕಿವಿಗೆ ದಪ್ಪ ಹೆಡ್‌ಫೋನ್ ಹಾಕಿಕೊಂಡು ದನಿ ಹಿಡಿಯುತ್ತಿದ್ದರು. ಮೈಕಿಗೆ ಕೂದಲಿನ ಟೊಪ್ಪಿ ಬೇರೆ. ಸತ್ತ ಬೆಕ್ಕನ್ನು ಕೋಲಿಗೆ ಕಟ್ಟಿದ್ದಾರೆ ಎಂದು ಅಕ್ಕ ಹೇಳಿದ್ದು ನನ್ನ ತಲೆಯಿಂದ ಹೋಗಲೇ ಇಲ್ಲ.

ಮೊದಲ ಎರಡು ಬೆಳಗು ತಿರುವಿನಲ್ಲಿ ಬರೀ ಗಾಳಿ. ಮೂರನೆಯದು ಕೊನೆಯ ಬೆಳಗು, ಮರುದಿನ ಅವರಿಗೆ ಹಡಗು. ಎಲ್ಲರೂ ದಾರಿಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದರು. ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು, ಕಪ್ಪೆಗಳು ಇನ್ನೂ ಸುಮ್ಮನಾಗಿರಲಿಲ್ಲ. ಸಿಫ್ಲೇ ಇಲ್ಲ. ನನಗೆ ಸುಸ್ತಾಗಿತ್ತು. ಮೂರು ದಿನದಿಂದ ಟಯರು, ಕೆಸರು, ಇವರ ಬೂಟು, ಇವರ ನಿಟ್ಟುಸಿರು. ಕೋಕೋ ಟೀ ಕುಡಿದು ಮುಗಿಸಿದೆ. ಲೋಟದ ತಳದಲ್ಲಿ ಗಸಿ ಅಂಟಿತ್ತು. ಗಸಿ ಬೀಳಲೆಂದು ಲೋಟ ಬೋರಲು ಮಾಡಿ ಬಾನೆಟ್ಟಿನ ಅಂಚಿಗೆ ಕುಟ್ಟಿದೆ.

ಟಕ್ ಟಕ್.

ಕುಟ್ಟಿದ ಮೇಲೆ ತಿಳಿಯಿತು. ಭಾವ ಆಗಲೇ ಕೈ ಎತ್ತಿದ್ದರು. ಕಣ್ಣು ಮುಚ್ಚಿ, ತಲೆ ಒಂಚೂರು ಓರೆ ಮಾಡಿ, ಅಲ್ಲಿ, ಮೇಲೆ ಎಡಕ್ಕೆ, ಎಂದು ಪಿಸುಗುಟ್ಟಿದರು. ಅವರ ಮುಖದಲ್ಲಿದ್ದ ಸಂತೋಷ ನಟನೆಯದಲ್ಲ. ಅವರಿಗೆ ಆ ಹಾಡು ಒಳಗೆಲ್ಲೋ ನಿಜವಾಗಿಯೇ ಕೇಳುತ್ತಿತ್ತು. ಮಿಸ್ಟರ್ ಬ್ರಾಮ್ ಟೋಪಿ ತೆಗೆದು ಎದೆಗೆ ಹಿಡಿದರು. ಕಣ್ಣಲ್ಲಿ ನೀರು. ಉಳಿದ ಮೂವರೂ ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸಿದರು. ಟಿಲ್ಡಾ ಮೇಡಂ ಮಾತ್ರ ಹೆಡ್‌ಫೋನ್ ಒತ್ತಿ ಹಿಡಿದು ಅಲುಗದೆ ನಿಂತಿದ್ದರು. ನಾನು ಬಾಯಿ ತೆರೆಯಬೇಕಿತ್ತು. ಮುದುಕನ ಟೋಪಿ ನೋಡಿ ತೆರೆಯಲಾಗಲಿಲ್ಲ.

ಸಂಜೆ ಜಗಲಿಯಲ್ಲಿ ಪಟ್ಟಿ ಓದಿಯಾಯಿತು. ಸಿಫ್ಲೇ ಹೆಸರು ಬಂದಾಗ ಭಾವ, ಕೇಳಿತು, ಗೊಮ್ಮಿಯೆ ಮರದ ತಿರುವು, ಆರು ಗಂಟೆ ಹತ್ತು ನಿಮಿಷ, ಎಂದರು. ಐದು ಪೆನ್ನುಗಳಲ್ಲಿ ನಾಲ್ಕು ಓಡಿದವು. ಊಟವಾದ ಮೇಲೆ ಟಿಲ್ಡಾ ಮೇಡಂ ನಾನು ಬಸ್ಸು ತೊಳೆಯುತ್ತಿದ್ದ ಕಡೆ ಬಂದರು. ಬಂದವರು ಒಂದೇ ಮಾತು ಕೇಳಿದರು. ನನ್ನ ಯಂತ್ರದಲ್ಲಿ ಕಪ್ಪೆ ಇದೆ, ನೀರಿದೆ, ಒಂದು ಲೋಟ ಕುಟ್ಟಿದ ಸದ್ದಿದೆ, ಹಕ್ಕಿ ಇಲ್ಲ. ನಲವತ್ತು ವರ್ಷ ದನಿಯ ಕೆಲಸ ಮಾಡಿದ್ದೇನೆ, ಯಂತ್ರವನ್ನು ನಂಬಲೋ, ನಿಮ್ಮ ಭಾವನನ್ನು ನಂಬಲೋ? ಅವರ ದನಿಯಲ್ಲಿ ಕುಹಕವಿರಲಿಲ್ಲ. ಭಾವನನ್ನೇ ನಂಬುವ ಆಸೆಯಿತ್ತು. ಅದು ನನ್ನನ್ನು ಕೊಂದಿತು. ನಾಳೆ ಬೆಳಿಗ್ಗೆ ಹೇಳುತ್ತೇನೆ ಎಂದೆ.

ಅವರನ್ನೆಲ್ಲ ಅತಿಥಿಗೃಹಕ್ಕೆ ಬಿಟ್ಟು ಬಂದಾಗ ಭಾವ ಜಗಲಿಯಲ್ಲೇ ಕೂತು ತಮ್ಮ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಅಕ್ಕ ತಟ್ಟೆ ಒರೆಸುತ್ತಿದ್ದಳು. ಸುತ್ತಿ ಬಳಸಿ ಹೇಳಲು ನನಗೆ ಶಕ್ತಿ ಉಳಿದಿರಲಿಲ್ಲ.

“ಭಾವ, ಬೆಳಿಗ್ಗೆ ನಾನು ಕುಟ್ಟಿದ್ದು ಗಸಿ ಬೀಳ್ಲಿ ಅಂತ. ಹಕ್ಕಿ ಹಾಡ್ಲಿಲ್ಲ.”

ಅವರು ಪೆನ್ನು ಕೆಳಗಿಟ್ಟರು. ಅಕ್ಕನೇ ಮೊದಲು ಬಾಯಿ ಬಿಟ್ಟಳು.

“ಒಲೆ ಮೇಲೆ ಕೆಟಲ್ ಸಿಳ್ಳೆ ಹಾಕಿ ಹಾಕಿ ನೀರೆಲ್ಲ ಇಂಗಿಹೋದ್ರೂ ಪಕ್ಕದಲ್ಲೇ ಕೂತಿರ್ತಾರೆ. ನಾನು ಎರಡು ವರ್ಷದಿಂದ ನೋಡ್ತಾನೇ ಇದೀನಿ. ನೀವಿಬ್ರೂ ಸೇರಿ ಆಡೋ ನಾಟಕಾನೂ ನೋಡ್ತಾ ಇದೀನಿ. ಮುಗೀತಲ್ಲ, ಒಳ್ಳೇದಾಯ್ತು.”

ತಪ್ಪು ನನ್ನದು ಎಂದೆ. ಮುದುಕ ಸಂತೋಷವಾಗಿದ್ದಾನೆ, ನಾಳೆ ಹಡಗು ಹತ್ತುತ್ತಾನೆ, ಇದೊಂದು ಬಿಟ್ಟುಬಿಡಿ ಎಂದೂ ಹೇಳಿದೆ. ಟಿಲ್ಡಾ ಮೇಡಂಗೆ ಯಂತ್ರ ಸರಿಯಾಗಿ ಹಿಡಿಯಲಿಲ್ಲ ಎನ್ನೋಣ ಎಂದೆ. ಹೇಳುತ್ತಾ ಹೇಳುತ್ತಾ ನನ್ನ ಮಾತು ನನಗೇ ಅಸಹ್ಯವಾಯಿತು.

“ನಿಂದಲ್ಲ ಕಣೋ ತಪ್ಪು,” ಎಂದರು ಭಾವ. “ನಾನು ಸುಳ್ಳು ಹೇಳಿದ್ದು ಇವತ್ತಲ್ಲ. ಎರಡು ವರ್ಷದ ಹಿಂದೆ ಹೇಳಿದ್ದು. ಇವತ್ತು ಸಿಕ್ಕಿಬಿದ್ದೆ, ಅಷ್ಟೆ.”

ಕೆಲಸ ಹೋದೀತು ಎಂಬ ಭಯ ಅವರಿಗಿತ್ತೇ ಎಂದು ಜನ ಈಗ ಕೇಳುತ್ತಾರೆ. ಇತ್ತು. ಕಿವಿ ಹೋದ ಹಕ್ಕಿಯವನನ್ನು ಯಾರು ಕರೆಯುತ್ತಾರೆ? ಕಡಲಿಗೆ ಆಗದವರು, ಬಾಳೆಗೆ ವಯಸ್ಸು ಮೀರಿದವರು. ಅದನ್ನೆಲ್ಲ ಆ ಜಗಲಿಯಲ್ಲಿ ಕೂತು ಲೆಕ್ಕ ಹಾಕಿದ್ದು ಅವರ ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ಎದ್ದು, ಬೆಳಿಗ್ಗೆ ಏಳಕ್ಕೆ ಬಸ್ಸು ತಾ ಎಂದು ಹೇಳಿ ಮಲಗಲು ಹೋದರು.

ಬೆಳಿಗ್ಗೆ ಅತಿಥಿಗೃಹದಲ್ಲಿ ಐವರೂ ಬೇಕ್ ಎಂಬ ಕರಿದ ಹಿಟ್ಟಿನ ರೊಟ್ಟಿ ಮತ್ತು ಉಪ್ಪುಮೀನಿನ ಮುಂದೆ ಕೂತಿದ್ದರು. ಭಾವ ಭಾನುವಾರ ಇಗರ್ಜಿಗೆ ಹೋಗುವ ಅಂಗಿ ತೊಟ್ಟಿದ್ದರು. ನಿಂತೇ ಮಾತಾಡಿದರು. ನಿನ್ನೆ ಸಿಫ್ಲೇ ಹಾಡಲಿಲ್ಲ, ಅದರ ಹಾಡು ನನಗೆ ಕೇಳಿಸುವುದು ನಿಂತು ಎರಡು ವರ್ಷವಾಯಿತು, ನನ್ನ ಭಾವಮೈದುನನ ಕಿವಿಯಿಂದ ಕೇಳಿ ನಿಮಗೆ ಹೇಳುತ್ತಿದ್ದೆ, ದಯವಿಟ್ಟು ಪುಸ್ತಕ ಕೊಡಿ, ಎಂದರು. ಯಾರೂ ತುತ್ತು ಎತ್ತಲಿಲ್ಲ. ಅವರು ಒಬ್ಬೊಬ್ಬರ ಬಳಿಗೂ ಹೋಗಿ, ಕನ್ನಡಕ ಏರಿಸಿ, ಸಾಲು ಹುಡುಕಿ, ತಮ್ಮ ಪೆನ್ನಿನಿಂದಲೇ ಆ ಗುರುತನ್ನು ಹೊಡೆದುಹಾಕಿದರು. ಪಕ್ಕದಲ್ಲಿ ಸಹಿ ಮಾಡಿದರು. ಟಿಲ್ಡಾ ಮೇಡಂ ತಮ್ಮದರಲ್ಲಿ ಗುರುತೇ ಹಾಕಿರಲಿಲ್ಲ. ಆದರೂ ಪುಸ್ತಕ ತೆರೆದು ಕೊಟ್ಟರು, ಭಾವ ಅಲ್ಲೂ ಸಹಿ ಮಾಡಿದರು.

ಮಿಸ್ಟರ್ ಬ್ರಾಮ್ ಕೊನೆಯವರು. ಮುದುಕ ಪುಸ್ತಕವನ್ನು ಎದೆಗೊತ್ತಿಕೊಂಡೇ ಕೂತಿದ್ದರು. ನನಗೆ ನಿಲ್ಲಲಾಗದೆ ಹೊರಗೆ ಹೋಗೋಣ ಎನಿಸಿತು. ಕೊನೆಗೆ ಅವರೇ ಪುಸ್ತಕ ಮೇಜಿನ ಮೇಲಿಟ್ಟರು. ತನಗೂ ಏನೂ ಕೇಳಿಸಿರಲಿಲ್ಲ ಎಂದರು. ಎಲ್ಲರೂ ತಲೆಯಾಡಿಸಿದ್ದರಿಂದ ತನ್ನ ಕಿವಿಯದೇ ದೋಷವಿರಬೇಕು ಎಂದುಕೊಂಡರಂತೆ. ಆಗ ಮಿಕ್ಕ ಮೂವರೂ ಒಬ್ಬೊಬ್ಬರಾಗಿ ಅದನ್ನೇ ಹೇಳಿದರು. ಯಾರಿಗೂ ಏನೂ ಕೇಳಿಸಿರಲಿಲ್ಲ. ಒಬ್ಬ ಕಿವುಡನ ಮಾತಿಗೆ ನಾಲ್ಕು ಜನ ಕಿವಿಯಿದ್ದವರು ಹೂಂಗುಟ್ಟಿದ್ದರು. ಬೇರೆ ಯಾರ ಮಾತಾಗಿದ್ದರೂ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಮುದುಕ ಭಾವನ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಕ್ಷಮಿಸಿದ್ದೇನೆ ಎಂದೇನೂ ಹೇಳಲಿಲ್ಲ. ಕ್ಷಮಿಸಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಮೂರು ಸಲ ಬಂದು ಬರಿಗೈಯಲ್ಲಿ ಹೋದ ಮನುಷ್ಯ. ಹಡಗಿನ ಮೆಟ್ಟಿಲ ಮೇಲೆ ಒಮ್ಮೆ ತಿರುಗಿ ಬೆಟ್ಟ ನೋಡಿದರು. ಆಮೇಲೆ ಒಳಗೆ ಹೋದರು.

ವಾಪಸು ಬರುವಾಗ ಭಾವ ಮುಂದಿನ ಸೀಟಿನಲ್ಲಿ ನೋಟ್‌ಬುಕ್ಕು ತೆರೆದು ಕೂತಿದ್ದರು. ಎರಡು ವರ್ಷದ ಪುಟ ತಿರುವಿ ತಿರುವಿ ಸಿಫ್ಲೇ ಸಾಲುಗಳನ್ನು ನೋಡುತ್ತಿದ್ದರು.

“ಇದ್ರಲ್ಲಿ ಎಷ್ಟು ಹಕ್ಕಿ, ಎಷ್ಟು ಗಸಿ?” ಎಂದರು.

ನನಗೆ ಗೊತ್ತಿರಲಿಲ್ಲ. ಪ್ರತಿ ಬೆಳಗೂ ಟೀ ಕುಡಿದಿದ್ದೇನೆ. ನಿನ್ನೆಯದೊಂದೇ ಎಂದು ಪ್ರಮಾಣ ಮಾಡಲು ಬಾಯಿ ಬರಲಿಲ್ಲ. ಗೊತ್ತಿಲ್ಲ ಎಂದೆ. ಅವರು ಒಂದೊಂದೇ ಸಾಲು ಹೊಡೆದುಹಾಕುತ್ತಾ ಬಂದರು. ರಸ್ತೆಯ ಗುಂಡಿಗೆ ಗೆರೆ ಸೊಟ್ಟಗಾಗುತ್ತಿತ್ತು. ನಾನು ಆದಷ್ಟು ನಿಧಾನವಾಗಿ ಓಡಿಸಿದೆ.

ಮುಂದಿನ ಎರಡು ತಂಡಗಳಿಗೂ ಅವರೇ ವಿಷಯ ತಿಳಿಸಿ ಕಾಗದ ಬರೆಸಿದರು. ಒಂದು ತಂಡ ಬೇರೆ ಮಾರ್ಗದರ್ಶಿಯನ್ನು ಹುಡುಕಿಕೊಂಡಿತು. ಇನ್ನೊಂದರಿಂದ ಉತ್ತರವೇ ಬರಲಿಲ್ಲ. ಮೂರು ವಾರ ಭಾವ ಜಗಲಿಯಲ್ಲೇ ಕೂತರು. ಬೆಳಿಗ್ಗೆ ನಾಲ್ಕಕ್ಕೇ ಎಚ್ಚರವಾಗುತ್ತದೆ, ಎದ್ದು ಏನು ಮಾಡಬೇಕೆಂದು ತೋಚುವುದಿಲ್ಲ. ಬೂಟು ಹಾಕಿಕೊಂಡು ಮತ್ತೆ ಬಿಚ್ಚುತ್ತಾರೆ ಎಂದು ಅಕ್ಕ ಕಣ್ಣೊರೆಸಿಕೊಂಡಳು. ಅವಳು ಅಳುವುದನ್ನು ನಾನು ನೋಡಿದ್ದು ಬಿರುಗಾಳಿ ಮನೆಯ ಸೂರು ಹೊತ್ತೊಯ್ದಾಗ ಒಮ್ಮೆ, ಈಗ ಒಮ್ಮೆ.

ಹಾಗಾಗಿ ಒಂದು ಬೆಳಿಗ್ಗೆ, ಯಾವ ಅತಿಥಿಯೂ ಇಲ್ಲದೆ, ನಾನೇ ಬಸ್ಸು ತಂದು ಮನೆಯ ಮುಂದೆ ನಿಲ್ಲಿಸಿ ಹಾರನ್ ಹೊಡೆದೆ. ಎಲ್ಲಿಗೆ ಎಂದು ಅವರು ಕೇಳಲಿಲ್ಲ. ಬೂಟು ಆಗಲೇ ಕಾಲಲ್ಲಿತ್ತು. ತಿರುವಿನಲ್ಲಿ ನಿಲ್ಲಿಸಿ, ಅಕ್ಕ ಕೊಟ್ಟ ಫ್ಲಾಸ್ಕಿನಿಂದ ಇಬ್ಬರಿಗೂ ಕೋಕೋ ಟೀ ಬಗ್ಗಿಸಿದೆ. ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಎಡಕ್ಕೆ, ಮೇಲೆ, ಮಂಜಿನೊಳಗಿಂದ ಅದು ಶುರುವಾಯಿತು. ನನ್ನ ಕೈಯಲ್ಲಿ ಲೋಟವಿತ್ತು. ಕುಟ್ಟಲಿಲ್ಲ. ಅವರು ಲೋಟವನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಮುಖ ನೋಡಿದರು.

“ಹಾಡ್ತಾ ಇದ್ಯಾ?”

ಎರಡು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಕೇಳಿದ್ದು.

“ಹಾಡ್ತಾ ಇದೆ ಭಾವ.”

“ಹೇಗೆ?”

ಹೇಗೆ ಎಂದರೆ ನಾನೇನು ಹೇಳಲಿ? ನಾನು ಬಸ್ಸಿನವನು. ಇಗರ್ಜಿಯಲ್ಲಿ ಹಾಡುವಾಗಲೂ ಪಕ್ಕದವರು ತಿರುಗಿ ನೋಡುವ ಗಂಟಲು ನನ್ನದು. ಆದರೂ ತುಟಿ ಒದ್ದೆ ಮಾಡಿಕೊಂಡು, ಅವರಿಗೆ ಕೇಳುವ ಹಾಗೆ ದಪ್ಪ ದನಿಯಲ್ಲಿ, ಮೇಲಿನದು ಹಾಡಿದ್ದನ್ನು ಕೆಳಗೆ ಸಿಳ್ಳೆ ಹಾಕಿದೆ. ಮೊದಲನೆಯ ಸ್ವರ, ಮೌನ, ಎರಡನೆಯದು. ಭಾವ ಕಣ್ಣು ಮುಚ್ಚಿ, ತಲೆ ಓರೆ ಮಾಡಿ ಕೇಳಿದರು. ಹುಬ್ಬು ಗಂಟಿಕ್ಕಿತು.

“ಎರಡನೇದನ್ನ ಅಷ್ಟು ಎಳೀಬೇಡ,” ಎಂದರು. “ಕೊನೇಲಿ ಒಂಚೂರು ಇಳೀಬೇಕು. ಸರಿಯಾಗಿ ಕೇಳಿಸ್ಕೋ.”

ನಾನು ಕೇಳಿಸಿಕೊಂಡೆ. ಮೇಲಿನ ಹಕ್ಕಿ ಇನ್ನೊಮ್ಮೆ ಹಾಡಿತು. ಕೊನೆಯಲ್ಲಿ ಒಂಚೂರು ಇಳಿಯಿತು.

ಅವರು ನೋಟ್‌ಬುಕ್ಕು ತೆಗೆದು ತಾರೀಖು ಹಾಕಿದರು. ಸಿಫ್ಲೇ ಎಂದು ಬರೆದರು. ಮುಂದೆ ‘ಕೇಳಿತು’ ಎಂದು ಬರೆಯುವ ಜಾಗದಲ್ಲಿ ಪೆನ್ನು ನಿಂತಿತು. ಬಗ್ಗಿ ನೋಡಿದೆ. ‘ಕ್ಲೊವಿಸ್‌ಗೆ ಕೇಳಿತು’ ಎಂದು ನನ್ನ ಹೆಸರು ಬರೆದು, ಕೆಳಗೆ ಸಹಿ ಮಾಡಿದರು.